ನುಡಿಯೋ ಬರಹವೋ, ವಿಮ್ಮೋ ಇಮ್ಯಾಕ್ಸೋ: ಪಕ್ಷ ಹಿಡಿಯುವ ಮುಂಚೆ ಒಮ್ಮೆ ಓದಿ

ಹುಬ್ಬಳ್ಳಿ ಮತ್ತು ಧಾರವಾಡ 1962ರಿಂದ ಒಂದೇ ಪಾಲಿಕೆ. ಆದರೂ ಎರಡರಲ್ಲಿ ಯಾವ ಊರು ಚೆಂದ ಅಂತ ಯಾರಾದರೂ ಕೇಳಿದರೆ ಸಾಕು, ಮುಂದಿಟ್ಟ ಚಹಾ ಆರುತ್ತದೆ, ವಾದ ಆರುವುದಿಲ್ಲ. ಇಂಥ ಊರಿಗೆ ಕಂಪ್ಯೂಟರ್ ಬಂದ ಮೇಲೆ ವಾದಕ್ಕೆ ಹೊಸ ಸರಕು ಸಿಕ್ಕಿತು ಅಷ್ಟೇ. ಮುದ್ರಣಕ್ಕೆ ಪುಟ ಜೋಡಿಸುವ ಡಿಟಿಪಿ ಅಂಗಡಿಯಲ್ಲಿ ಕನ್ನಡ ಟೈಪಿಂಗಿನ ನುಡಿ-ಬರಹ, ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿ ಕೋಡ್ ಬರೆಯುವ ಎಡಿಟರುಗಳಾದ ವಿಮ್-ಇಮ್ಯಾಕ್ಸ್, ಮನೆಯಲ್ಲಿ ಕೂತು ಲೇಖನ ಬರೆಯುವ ನಿವೃತ್ತ ಮಾಸ್ತರರಿಗೆ ವಿಂಡೋಸ್-ಲಿನಕ್ಸ್.

ಇಲ್ಲಿ ಆ ಜೋಡಿಗಳನ್ನು ಒಂದೊಂದಾಗಿ ನೋಡೋಣ. ಎರಡೂ ಒಳ್ಳೆಯವೇ ಅಂತ ಹೇಳಿ ಜಾರಿಕೊಳ್ಳುವುದಿಲ್ಲ. ನನ್ನ ಅಳತೆಗೋಲು ಒಂದೇ: ನೀವು ಇವತ್ತು ಮಾಡಿದ ಫೈಲು ನಾಳೆ ಯಾರ ಕೈಗೆ ಹೋಗುತ್ತದೆ? ಅವರಿಗೆ ಅದು ತೆರೆಯದಿದ್ದರೆ ನಿಮ್ಮ ಸಾಫ್ಟ್‌ವೇರ್ ಎಷ್ಟು ಚೆಂದ ಇದ್ದರೂ ಸುಮ್ನೆ.

ಕನ್ನಡ ಟೈಪಿಂಗ್: ಊರ ಹೆಸರುಗಳ ಓಟ

ಮೊದಲು ನಮ್ಮ ಮನೆಯ ಜಗಳ. ಕನ್ನಡ ಟೈಪ್ ಮಾಡುವವರಲ್ಲಿ ಮುಖ್ಯವಾಗಿ ಮೂರು ಗುಂಪು. ಒಂದು, ಕೆ.ಪಿ. ರಾವ್ ಅವರು ರೂಪಿಸಿದ, ನುಡಿಯಲ್ಲಿ ಬರುವ ಕೀಲಿ ಜೋಡಣೆಯವರು. ಕನ್ನಡ ಗಣಕ ಪರಿಷತ್ತು ತಂದ ನುಡಿ ಸರ್ಕಾರಿ ಕಚೇರಿಗಳಲ್ಲೆಲ್ಲ ಇರುವುದರಿಂದ ಇವರ ಸಂಖ್ಯೆ ದೊಡ್ಡದು. ಎರಡು, ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ ಬಿಡುಗಡೆ ಮಾಡಿದ ಬರಹದಲ್ಲಿ ಇಂಗ್ಲಿಷ್ ಸ್ಪೆಲಿಂಗ್ ಮಾದರಿಯಲ್ಲಿ ಟೈಪ್ ಮಾಡುವವರು. ಮೂರು, ವಿಂಡೋಸಿನಲ್ಲೇ ಸಿಗುವ ಇನ್‌ಸ್ಕ್ರಿಪ್ಟ್ ಜೋಡಣೆಯವರು. ಇವರು ಕಡಿಮೆ, ಆದರೆ ಹಠಮಾರಿಗಳು.

ಯಾವುದು ವೇಗ? ಊರ ಹೆಸರುಗಳನ್ನೇ ಓಟಕ್ಕೆ ಬಿಡೋಣ.

ಗದಗ. ನುಡಿಯ ಜೋಡಣೆಯಲ್ಲಿ ಜಿ, ಡಿ, ಜಿ. ಮೂರೇ ಒತ್ತು, ಮುಗಿಯಿತು. ವ್ಯಂಜನ ಒತ್ತಿದರೆ ಅಕಾರ ತಾನಾಗೇ ಇರುತ್ತದೆ. ಬರಹದಲ್ಲಿ ಪ್ರತಿ ಅಕ್ಷರಕ್ಕೂ ಎ ಸೇರಿಸಬೇಕು, ಹಾಗಾಗಿ ಆರು ಒತ್ತು. ಗದಗದವರು ನುಡಿ ಬಿಡದಿರಲು ಇದೂ ಒಂದು ಕಾರಣ ಅಂತ ತಮಾಷೆಗೆ ಹೇಳಬಹುದು.

ಧಾರವಾಡ. ನುಡಿಯಲ್ಲಿ ಶಿಫ್ಟ್ ಹಿಡಿದು ಡಿ, ಶಿಫ್ಟ್ ಹಿಡಿದು ಎ, ಆರ್, ವಿ, ಮತ್ತೆ ಶಿಫ್ಟ್ ಎ, ಕೊನೆಗೆ ಡಬ್ಲ್ಯೂ. ಆರು ಒತ್ತು. ಬರಹದಲ್ಲಿ ಒಂಬತ್ತು. ಆದರೆ ಆ ಕೊನೆಯ ಡಬ್ಲ್ಯೂ ಗಮನಿಸಿದಿರಾ? ನುಡಿಯಲ್ಲಿ ಡ ಇರುವುದು ಡಬ್ಲ್ಯೂ ಕೀಲಿಯಲ್ಲಿ, ಟ ಇರುವುದು ಕ್ಯೂನಲ್ಲಿ, ಷ ಇರುವುದು ಎಕ್ಸ್‌ನಲ್ಲಿ. ಹೊಸಬರು ಮೊದಲ ವಾರ ಇಲ್ಲೇ ತಡವರಿಸುತ್ತಾರೆ. ಬರಹದಲ್ಲಿ ಡ ಬೇಕೆಂದರೆ ಶಿಫ್ಟ್ ಡಿ, ಯಾರೂ ಹೇಳಿಕೊಡಬೇಕಿಲ್ಲ.

ಹಾವೇರಿ. ಎರಡರಲ್ಲೂ ಆರು ಒತ್ತು, ಕೀಲಿಗಳೂ ಅವೇ. ಹಾವೇರಿಯವರಿಗೆ ಈ ಜಗಳವೇ ಬೇಕಿಲ್ಲ.

ಹುಬ್ಬಳ್ಳಿ. ಇಲ್ಲಿ ಆಟ ತಿರುಗುತ್ತದೆ. ನುಡಿಯಲ್ಲಿ ಒತ್ತಕ್ಷರ ಬೇಕಾದರೆ ನಡುವೆ ಎಫ್ ಕೀಲಿ ಒತ್ತಿ ಕೊಂಡಿ ಹಾಕಬೇಕು. ಎಚ್, ಯು, ಬಿ, ಎಫ್, ಬಿ, ಶಿಫ್ಟ್ ಎಲ್, ಎಫ್, ಶಿಫ್ಟ್ ಎಲ್, ಐ. ಒಟ್ಟು ಒಂಬತ್ತು. ಬರಹದಲ್ಲಿ ಎಂಟೇ. ಎರಡು ಬಿ ಬರೆದರೆ ಒತ್ತಕ್ಷರ ತಾನಾಗೇ ಕೂಡುತ್ತದೆ.

ಅಂದರೆ ಒತ್ತಕ್ಷರ ಜಾಸ್ತಿ ಇದ್ದರೆ ಅಂತರ ಕಡಿಮೆಯಾಗುತ್ತದೆ, ಅಕಾರಾಂತ ಅಕ್ಷರ ಜಾಸ್ತಿ ಇದ್ದರೆ ನುಡಿ ಗೆಲ್ಲುತ್ತದೆ. ಕನ್ನಡದಲ್ಲಿ ಅಕಾರ ಎಷ್ಟು ಬರುತ್ತದೆ ಅಂತ ನಿಮಗೇ ಗೊತ್ತು. ದಿನಕ್ಕೆ ಹತ್ತಾರು ಪುಟ ಹೊಡೆಯುವ ಟೈಪಿಸ್ಟ್‌ಗೆ ಈ ಉಳಿತಾಯ ಸಣ್ಣದಲ್ಲ, ಬೆರಳಿಗೆ ಗೊತ್ತಾಗುತ್ತದೆ. ವಾರಕ್ಕೊಮ್ಮೆ ಒಂದು ಅರ್ಜಿ ಟೈಪ್ ಮಾಡುವವರಿಗೆ ಹೊಸ ಕೀಲಿ ಕಲಿಯುವ ಕಷ್ಟಕ್ಕೆ ಆ ಉಳಿತಾಯ ಸಾಲದು, ಬರಹವೇ ಸರಿ. ಆದರೆ ಅದರಲ್ಲೂ ಮುಳ್ಳುಗಳಿವೆ: ವಿಜ್ಞಾನ ಅಂತ ಬರೆಯಲು ಅಲೆಯಾಕಾರದ ಚಿಹ್ನೆಯನ್ನು ಹುಡುಕಿ ಒತ್ತಬೇಕು.

ಇನ್‌ಸ್ಕ್ರಿಪ್ಟಿನಲ್ಲಿ ಒತ್ತುಗಳ ಲೆಕ್ಕ ನುಡಿಯದೇ, ಕೀಲಿಗಳು ಮಾತ್ರ ಬೇರೆ. ಗದಗ ಬೇಕೆಂದರೆ ಐ, ಓ, ಐ. ಇಂಗ್ಲಿಷ್ ಅಕ್ಷರಕ್ಕೂ ಕನ್ನಡ ಅಕ್ಷರಕ್ಕೂ ಸಂಬಂಧವೇ ಇಲ್ಲ. ಸ್ವರಗಳೆಲ್ಲ ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ. ಕಲಿಯಲು ಬೇಸರ, ಕಲಿತ ಮೇಲೆ ಎರಡೂ ಕೈಗೆ ಕೆಲಸ ಸಮನಾಗಿ ಹಂಚುತ್ತದೆ. ಇದರ ದೊಡ್ಡ ಗುಣ ಬೇರೆ: ಭಾರತದ ಹೆಚ್ಚಿನ ಭಾಷೆಗಳಿಗೆ ಒಂದೇ ಜೋಡಣೆ. ಹಿಂದಿಯ ಗ ಎಲ್ಲಿದೆಯೋ ಕನ್ನಡದ ಗ ಕೂಡ ಅಲ್ಲೇ. ಹುಬ್ಬಳ್ಳಿಯ ನೈಋತ್ಯ ರೈಲ್ವೆ ಕಚೇರಿಯಂಥ ಕಡೆ ಹಿಂದಿ, ಕನ್ನಡ ಎರಡೂ ಟೈಪ್ ಮಾಡಬೇಕಾದವರಿಗೆ ಇದಕ್ಕಿಂತ ಒಳ್ಳೆಯದಿಲ್ಲ.

ನನ್ನ ಮಾತು: ಸರ್ಕಾರಿ ಕೆಲಸದ ಕಡೆ ಕಣ್ಣಿಟ್ಟವರು, ಟೈಪಿಂಗೇ ಹೊಟ್ಟೆಪಾಡು ಆದವರು ನುಡಿಯ ಜೋಡಣೆ ಕಲಿಯಿರಿ. ಅದಕ್ಕಾಗಿ ನುಡಿ ತಂತ್ರಾಂಶವೇ ಬೇಕೆಂದಿಲ್ಲ. ಲಿನಕ್ಸಿನ ಭಾಷಾ ಪಟ್ಟಿಯಲ್ಲಿ ಕಗಪ ಅನ್ನುವ ಹೆಸರಲ್ಲಿ ಅದೇ ಜೋಡಣೆ ಇದೆ. ಉಳಿದವರು ಬರಹದ ಮಾದರಿಯಲ್ಲೇ ಆರಾಮಾಗಿರಿ.

ಆಸ್ಕಿಯೋ ಯುನಿಕೋಡೋ: ಗದಗಿನ ಪ್ರೆಸ್ಸಿನಲ್ಲಿ ಕೂತು ನೋಡಿದರೆ

ಟೈಪಿಂಗ್ ಜಗಳಕ್ಕಿಂತ ಇದು ದೊಡ್ಡದು. ಇದರಲ್ಲಿ ಸೋತವರಿಗೆ ನಿಜವಾದ ನಷ್ಟ ಇದೆ.

ಗದಗ ಮುದ್ರಣಕ್ಕೆ ಹೆಸರಾದ ಊರು. ಮದುವೆ ಪತ್ರಿಕೆ, ಕ್ಯಾಲೆಂಡರ್, ಶಾಲಾ ಪುಸ್ತಕ ಎಲ್ಲ ಇಲ್ಲಿ ಅಚ್ಚಾಗುತ್ತವೆ. ಇಲ್ಲಿನ ಡಿಟಿಪಿ ಆಪರೇಟರ್‌ಗಳ ಕೈ ಪಳಗಿರುವುದು ಪುಟ ವಿನ್ಯಾಸದ ತಂತ್ರಾಂಶ ಪೇಜ್‌ಮೇಕರ್ ಮೇಲೆ. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಆಮೇಲೆ ಅಡೋಬಿ ಕಂಪನಿಯೇ ಅದನ್ನು ಬಿಟ್ಟು ಅದೇ ಕೆಲಸದ ಇನ್‌ಡಿಸೈನ್ ಹಿಡಿಯಿತು. ನಮ್ಮವರು ಬಿಡಲಿಲ್ಲ.

ಯಾವ ಪ್ರೆಸ್ಸಿಗೆ ಹೋದರೂ ಈ ದೃಶ್ಯ ಸಿಗುತ್ತದೆ. ಗಿರಾಕಿ ಮಗಳ ಮದುವೆ ಪತ್ರಿಕೆಯ ಮ್ಯಾಟರ್ ಅನ್ನು ವಾಟ್ಸಾಪಿನಲ್ಲಿ ಕಳಿಸಿರುತ್ತಾರೆ. ಆಪರೇಟರ್ ಅದನ್ನು ಕಾಪಿ ಮಾಡಿ ಪೇಜ್‌ಮೇಕರಿನಲ್ಲಿ ಪೇಸ್ಟ್ ಮಾಡುತ್ತಾನೆ. ವರನ ಹೆಸರಿದ್ದಲ್ಲಿ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆ. "ಇದು ಬರಂಗಿಲ್ರಿ ಅಣ್ಣಾರ, ಹೊಸದಾಗಿ ಹೊಡೀಬೇಕು" ಅನ್ನುತ್ತಾನೆ. "ಮೊಬೈಲ್‌ನ್ಯಾಗ ಚಲೋ ಕಾಣಸ್ತೈತಲ್ಲೋ ತಮ್ಮಾ" ಅನ್ನುತ್ತಾರೆ ಗಿರಾಕಿ. ಇಬ್ಬರೂ ಹೇಳುವುದು ನಿಜ.

ಆಗುವುದು ಇಷ್ಟೇ. ಮೊಬೈಲಿನಲ್ಲಿರುವುದು ಯುನಿಕೋಡ್. ಅಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಇದೆ, ಜಗತ್ತಿನ ಯಾವ ಯಂತ್ರವಾದರೂ ಅದನ್ನು ಕನ್ನಡ ಅಂತಲೇ ಓದುತ್ತದೆ. ಪೇಜ್‌ಮೇಕರಿಗೆ ಯುನಿಕೋಡ್ ಬರುವುದಿಲ್ಲ. ಅಲ್ಲಿ ಬಳಸುವುದು ಆಸ್ಕಿ ಅಂತ ನಾವು ಕರೆಯುವ ಹಳೆಯ ಫಾಂಟ್. ಅದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಕನ್ನಡದ ವೇಷ ಹಾಕಿಸುತ್ತದೆ. ಆಸ್ಕಿಯಲ್ಲಿ ಕನ್ನಡ ಅಂತ ಬರೆದು ಫಾಂಟ್ ತೆಗೆದು ನೋಡಿ. ಒಂದು ಇಂಗ್ಲಿಷ್ ಪಿ, ನೆತ್ತಿ ಮೇಲೆ ಓರೆ ಗೆರೆ ಇರುವ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಒಂದು ಜರ್ಮನ್ ಅಕ್ಷರ, ಸಣ್ಣ ಕ್ಯೂ, ಮತ್ತೆ ಎ. ಕಂಪ್ಯೂಟರ್ ಕಣ್ಣಿಗೆ ಅದೇ ನಿಮ್ಮ ಲೇಖನ. ಗೂಗಲ್ಲಿಗೆ ಅದು ಸಿಗುವುದಿಲ್ಲ, ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್ ಅದನ್ನು ಓದಿ ಹೇಳುವುದಿಲ್ಲ, ಫಾಂಟ್ ಇಲ್ಲದ ಮೊಬೈಲಿನಲ್ಲಿ ಕಾಣುವುದೂ ಇಲ್ಲ.

ಹಾಗಾದರೆ ಆಸ್ಕಿ ಬೇಡವೇ ಬೇಡ ಅನ್ನಬೇಕೇ? ಇಲ್ಲಿ ನಾನು ಡಿಟಿಪಿಯವರ ಪರ ಸ್ವಲ್ಪ ವಾದ ಮಾಡುತ್ತೇನೆ. ಮದುವೆ ಪತ್ರಿಕೆಯ ಫೈಲು ಪ್ರೆಸ್ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಕಾಗದದ ಮೇಲೆ ಬಿದ್ದ ಮೇಲೆ ಅದರ ಕೆಲಸ ಮುಗಿಯಿತು. ಆಸ್ಕಿಯ ಅಲಂಕಾರದ ಫಾಂಟುಗಳು ಅವರ ಬಳಿ ರಾಶಿ ಇವೆ. ಪೇಜ್‌ಮೇಕರ್ ಹಳೆಯ ಕಂಪ್ಯೂಟರಿನಲ್ಲೂ ಚಕಚಕ ಓಡುತ್ತದೆ. ಅವರಿಗೆ ನಾಳೆಯೇ ಎಲ್ಲ ಬಿಡಿ ಅನ್ನುವುದು ಊರ ಹೊರಗಿನವರ ಮಾತು.

ಆದರೆ ಪುಸ್ತಕದ ಮಾತು ಬೇರೆ. ಕಥಾ ಸಂಕಲನ, ವಚನಗಳ ಸಂಗ್ರಹ, ಸಂಶೋಧನಾ ಲೇಖನ ಇಂಥವು ಇವತ್ತು ಅಚ್ಚಾದರೆ ನಾಳೆ ಇ-ಪುಸ್ತಕ ಆಗಬಹುದು, ನಾಡಿದ್ದು ಯಾರಾದರೂ ಹುಡುಕಬಹುದು. ಅಂಥ ಕೆಲಸಕ್ಕೆ ಯುನಿಕೋಡ್ ಮತ್ತು ಇನ್‌ಡಿಸೈನ್ ಬಿಟ್ಟು ಬೇರೆ ದಾರಿ ಹಿಡಿಯಬೇಡಿ. ಇನ್‌ಡಿಸೈನಿನಲ್ಲಿ ಒತ್ತಕ್ಷರಗಳು ಚೆಲ್ಲಾಪಿಲ್ಲಿ ಆದರೆ ಗಾಬರಿಯಾಗಬೇಡಿ, ಪ್ಯಾರಾಗ್ರಾಫ್ ಸೆಟ್ಟಿಂಗಿನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಆರಿಸಿ, ಸರಿಹೋಗುತ್ತದೆ. ಇನ್‌ಡಿಸೈನಿಗೆ ದುಡ್ಡಿಲ್ಲ ಅನ್ನುವವರಿಗೆ ಅದೇ ಕೆಲಸದ ಸ್ಕ್ರೈಬಸ್ ಉಚಿತ. ಅದರ 1.5.3ರ ನಂತರದ ಆವೃತ್ತಿಗಳಲ್ಲಿ ಕನ್ನಡದಂಥ ಲಿಪಿಗಳು ಕೂಡುತ್ತವೆ.

ಹಳೆಯ ಆಸ್ಕಿ ಫೈಲನ್ನು ಯುನಿಕೋಡಿಗೆ ಪರಿವರ್ತನೆ ಮಾಡಿಸಿದರೆ ಕಣ್ಣಿಟ್ಟು ನೋಡಬೇಕಾದದ್ದು ಅರ್ಕಾವತ್ತು. ಕರ್ನಾಟಕ ಅನ್ನುವ ಪದ ತೆಗೆದುಕೊಳ್ಳಿ. ಆಸ್ಕಿಯಲ್ಲಿ ಕಾಣುವ ಕ್ರಮದಲ್ಲೇ ಇರುತ್ತದೆ, ಮೊದಲು ನಾ, ಆಮೇಲೆ ಅರ್ಕಾವತ್ತಿನ ಗುರುತು. ಯುನಿಕೋಡಿನಲ್ಲಿ ಉಚ್ಚಾರದ ಕ್ರಮ, ಮೊದಲು ರ್, ಆಮೇಲೆ ನಾ. ಪರಿವರ್ತಕ ಈ ಅದಲುಬದಲು ಮಾಡುವಾಗಲೇ ಎಡವುವುದು. ಕರಡು ತಿದ್ದುವಾಗ ಸೂರ್ಯ, ಧರ್ಮ, ಕಾರ್ಯ ಇಂಥ ಪದಗಳನ್ನು ಮೊದಲು ಹುಡುಕಿ.

ವಿಮ್ ಮತ್ತು ಇಮ್ಯಾಕ್ಸ್: ಹಳೆಯ ಹಗೆ

ಈಗ ಹಾಸ್ಟೆಲಿಗೆ ಹೋಗೋಣ. ಪ್ರೋಗ್ರಾಂ ಬರೆಯುವವರ ಈ ಜಗಳ ಸುಮಾರು ಅರ್ಧ ಶತಮಾನದ್ದು. ಬಿಲ್ ಜಾಯ್ ಅವರ ವಿಐ, ರಿಚರ್ಡ್ ಸ್ಟಾಲ್‌ಮನ್ ಮತ್ತು ಜೊತೆಗಾರರ ಇಮ್ಯಾಕ್ಸ್, ಎರಡೂ 1976ರ ಕೂಸುಗಳು. ವಿಐ ಮಾದರಿಯಲ್ಲೇ ಬ್ರಾಮ್ ಮೂಲೆನಾರ್ 1991ರಲ್ಲಿ ವಿಮ್ ತಂದರು. ಸ್ಟಾಲ್‌ಮನ್ ಸಂತನ ವೇಷ ಹಾಕಿ ಇಮ್ಯಾಕ್ಸ್ ಧರ್ಮ ಸಾರುತ್ತ ಎದುರು ಪಕ್ಷವನ್ನು ಗೇಲಿ ಮಾಡಿದ್ದೂ ಉಂಟು. ಇಮ್ಯಾಕ್ಸ್ ಒಳ್ಳೆಯ ಆಪರೇಟಿಂಗ್ ಸಿಸ್ಟಂ, ಅದಕ್ಕೊಂದು ಒಳ್ಳೆಯ ಎಡಿಟರ್ ಮಾತ್ರ ಇಲ್ಲ ಅನ್ನುವುದು ವಿಮ್ ಕಡೆಯವರ ಹಳೆಯ ಜೋಕು.

ವಿಮ್ ತೆರೆದ ಹುಡುಗನ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಇದರಿಂದ ಹೊರಗೆ ಬರುವುದು ಹೇಗೆ? ಪ್ರೋಗ್ರಾಂ ಬರೆಯುವವರ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋನಲ್ಲಿ ಈ ಪ್ರಶ್ನೆಯನ್ನು 2017ರ ಹೊತ್ತಿಗೇ ಹತ್ತು ಲಕ್ಷ ಸಲ ಜನ ತೆರೆದು ನೋಡಿದ್ದರು. ಉತ್ತರ: ಎಸ್ಕೇಪ್, ಕೋಲನ್, ಕ್ಯೂ, ಆಶ್ಚರ್ಯ ಚಿಹ್ನೆ, ಎಂಟರ್. ಬರೆದದ್ದೆಲ್ಲ ಹೋಗುತ್ತದೆ, ನೀವು ಉಳಿಯುತ್ತೀರಿ.

ವಿಮ್ಮಿನಲ್ಲಿ ಬಾಣದ ಕೀಲಿ ಬದಲು ಎಚ್, ಜೆ, ಕೆ, ಎಲ್ ಬಳಸುವುದು ಹುಚ್ಚಾಟ ಅನ್ನಿಸಬಹುದು. ಬಿಲ್ ಜಾಯ್ ಬಳಿ ಇದ್ದ, ಪರದೆ ಮತ್ತು ಕೀಲಿಮಣೆಯ ಹಳೆಯ ಯಂತ್ರ ಎಡಿಎಂ-3ಎ ಟರ್ಮಿನಲ್ಲಿನಲ್ಲಿ ಬಾಣಗಳನ್ನು ಆ ನಾಲ್ಕು ಕೀಲಿಗಳ ಮೇಲೇ ಅಚ್ಚು ಹಾಕಿದ್ದರು. ಎಸ್ಕೇಪ್ ಕೂಡ ಈಗ ಟ್ಯಾಬ್ ಇರುವ ಜಾಗದಲ್ಲಿ, ಕಿರುಬೆರಳಿಗೆ ಹತ್ತಿರದಲ್ಲಿತ್ತು. ನಮ್ಮ ಲ್ಯಾಪ್‌ಟಾಪಿನಲ್ಲಿ ಅದು ಮೂಲೆಗೆ ಹೋಗಿದೆ, ಅಭ್ಯಾಸ ಮಾತ್ರ ಉಳಿದಿದೆ. ಇಮ್ಯಾಕ್ಸಿನವರ ಕಷ್ಟ ಕಂಟ್ರೋಲ್ ಕೀಲಿಯದು. ಹೊರಗೆ ಬರಲೂ ಕಂಟ್ರೋಲ್ ಎಕ್ಸ್, ಕಂಟ್ರೋಲ್ ಸಿ. ಕಿರುಬೆರಳು ನೋವು ಬಂದ ಮೇಲೆ ಅನೇಕರು ಕ್ಯಾಪ್ಸ್ ಲಾಕನ್ನೇ ಕಂಟ್ರೋಲ್ ಮಾಡಿಕೊಳ್ಳುತ್ತಾರೆ. ಇದು ಇಮ್ಯಾಕ್ಸ್ ಮುಟ್ಟದವರಿಗೂ ಒಳ್ಳೆಯ ಉಪಾಯ, ಕ್ಯಾಪ್ಸ್ ಲಾಕಿನಿಂದ ಯಾರಿಗೂ ಉಪಕಾರ ಆದದ್ದು ನಾನು ನೋಡಿಲ್ಲ.

ಬೇರೆ ಊರಿನವರ ಹೋಲಿಕೆಗಳಲ್ಲಿ ಸಿಗದ ಒಂದು ವಿಷಯ ಇಲ್ಲಿ ಹೇಳಬೇಕು: ಕನ್ನಡ ಬರೆಯುವುದು. ವಿಮ್ಮಿನಲ್ಲಿ ಕನ್ನಡ ಕೀಲಿಮಣೆ ಆನ್ ಮಾಡಿ ಒಂದು ಸಾಲು ಬರೆಯಿರಿ. ಎಸ್ಕೇಪ್ ಒತ್ತಿ ಕೆಳಗಿನ ಸಾಲಿಗೆ ಇಳಿಯಲು ಜೆ ಒತ್ತಿ. ವಿಮ್ಮಿಗೆ ತಲುಪುವುದು ಜೆ ಅಲ್ಲ, ಜ. ಅದು ಸುಮ್ಮನೆ ಕೂರುತ್ತದೆ. ಪ್ರತಿ ಸಲ ಇಂಗ್ಲಿಷಿಗೆ ಬದಲಿಸಿ, ಮತ್ತೆ ಕನ್ನಡಕ್ಕೆ ಬರಬೇಕು. ಸಾಲದ್ದಕ್ಕೆ ವಿಮ್ ಓಡುವ ಟರ್ಮಿನಲ್ ಕಿಟಕಿಗಳಲ್ಲಿ ಹೆಚ್ಚಿನವು ಪ್ರತಿ ಅಕ್ಷರಕ್ಕೂ ಒಂದೇ ಅಳತೆಯ ಚೌಕ ಕೊಡುತ್ತವೆ, ಅದರಲ್ಲಿ ಹುಬ್ಬಳ್ಳಿಯ ಒತ್ತುಗಳು ಎಲ್ಲೆಲ್ಲೋ ಬೀಳುತ್ತವೆ.

ಇಮ್ಯಾಕ್ಸ್ ಇಲ್ಲಿ ಸಲೀಸಾಗಿ ಗೆಲ್ಲುತ್ತದೆ. ಕನ್ನಡ ಟೈಪಿಂಗ್ ವಿಧಾನ ಅದರೊಳಗೇ ಇದೆ. ಕಂಟ್ರೋಲ್ ಮತ್ತು ಬ್ಯಾಕ್‌ಸ್ಲ್ಯಾಶ್ ಒತ್ತಿದರೆ ಶುರು, ಮತ್ತೊಮ್ಮೆ ಒತ್ತಿದರೆ ಬಂದ್. ಕನ್ನಡ ಆನ್ ಇದ್ದಾಗಲೂ ಕಂಟ್ರೋಲಿನ ಆದೇಶಗಳು ಕೆಲಸ ಮಾಡುತ್ತವೆ. 2020ರಲ್ಲಿ ಬಂದ 27.1 ಆವೃತ್ತಿಯಿಂದ ಅಕ್ಷರ ಕೂಡಿಸುವ ಹಾರ್ಫ್‌ಬಜ್ ಸೇರಿದೆ, ಅದರ ಕಿಟಕಿಯಲ್ಲಿ ಒತ್ತಕ್ಷರ ನೀಟಾಗಿ ಕೂಡುತ್ತವೆ.

ಹಾಗಂತ ಎಲ್ಲರೂ ಇಮ್ಯಾಕ್ಸ್ ಕಲಿಯಿರಿ ಅನ್ನಲಾರೆ. ಕೆಲಸಕ್ಕೆ ಸೇರಿದ ಮೇಲೆ ದೂರದ ಸರ್ವರಿಗೆ ಲಾಗಿನ್ ಆಗಿ ಒಂದು ಫೈಲು ತಿದ್ದಬೇಕಾದಾಗ ಅಲ್ಲಿ ಬಹುತೇಕ ಸಿಗುವುದು ವಿಐ ಅಥವಾ ವಿಮ್. ಹಾಗಾಗಿ ತೆರೆಯುವುದು, ತಿದ್ದುವುದು, ಉಳಿಸುವುದು, ಹೊರಬರುವುದು, ಇಷ್ಟು ವಿಮ್ ಎಲ್ಲರಿಗೂ ಗೊತ್ತಿರಲಿ. ದಿನದ ಕೋಡಿಂಗಿಗೆ ಹುಡುಗರು ಹೇಗೂ ವಿಎಸ್ ಕೋಡ್ ಬಳಸುತ್ತಾರೆ, ಬಳಸಲಿ. ಮೈಕ್ರೋಸಾಫ್ಟ್ 2015ರಲ್ಲಿ ಅದನ್ನು ತಂದ ಮೇಲೆ ಈ ಹಳೆಯ ಹಗೆ ಅರ್ಧ ತಮಾಷೆಯಾಗಿ ಉಳಿದಿದೆ. ಕನ್ನಡದಲ್ಲಿ ಉದ್ದದ ಟಿಪ್ಪಣಿ ಬರೆಯುವವರು, ದಿನಚರಿ ಇಡುವವರು ಮಾತ್ರ ಇಮ್ಯಾಕ್ಸಿನ ಆರ್ಗ್ ಮೋಡ್ ಒಮ್ಮೆ ನೋಡಲೇಬೇಕು.

ಟ್ಯಾಬೋ ಸ್ಪೇಸೋ

ಕೋಡಿನ ಸಾಲನ್ನು ಒಳಕ್ಕೆ ಸರಿಸಲು ಯಾವ ಕೀಲಿ ಒತ್ತಬೇಕು ಅನ್ನುವ ಜಗಳ ಇದು, ಜಾಸ್ತಿ ಹೊತ್ತು ಬೇಡ. ಪೈಥಾನ್ ಬರೆಯುತ್ತಿದ್ದರೆ ನಾಲ್ಕು ಸ್ಪೇಸ್, ಅದರ ಶೈಲಿ ನಿಯಮವೇ ಹಾಗಿದೆ. ಗೋ ಭಾಷೆಯಾದರೆ ಟ್ಯಾಬ್. ಲಿನಕ್ಸಿನ ತಿರುಳಾದ ಕರ್ನೆಲ್ ಆದರೂ ಟ್ಯಾಬ್, ಅದೂ ಎಂಟು ಅಕ್ಷರದ ಅಗಲ. ಪ್ರೋಗ್ರಾಂ ಕಟ್ಟುವ ಸಾಧನ ಮೇಕ್‌ಗೆ ಬರೆಯುವ ಮೇಕ್‌ಫೈಲಿನಲ್ಲಿ ಟ್ಯಾಬ್ ಹಾಕದಿದ್ದರೆ ಓಡುವುದೇ ಇಲ್ಲ. ಅದರ ಕಥೆ ಚೆಂದ ಇದೆ: ಮೇಕ್ ಬರೆದ ಸ್ಟುವರ್ಟ್ ಫೆಲ್ಡ್‌ಮನ್‌ಗೆ ಈ ಟ್ಯಾಬ್ ನಿಯಮ ಸರಿಯಿಲ್ಲ ಅಂತ ಬೇಗನೇ ಗೊತ್ತಾಯಿತು. ಅಷ್ಟು ಹೊತ್ತಿಗೆ ಹತ್ತು-ಹನ್ನೆರಡು ಗೆಳೆಯರು ಬಳಸಲು ಶುರುಮಾಡಿದ್ದರು, ಅವರಿಗೆ ತೊಂದರೆ ಬೇಡ ಅಂತ ಬಿಟ್ಟರು. ಆ ಹನ್ನೆರಡು ಜನರ ಮುಲಾಜಿಗೆ ಇವತ್ತಿಗೂ ಜಗತ್ತು ಟ್ಯಾಬ್ ಒತ್ತುತ್ತಿದೆ.

ಎರಡನ್ನೂ ಬೆರೆಸುವುದು ಮಾತ್ರ ಬೇಡ, ಪೈಥಾನ್ 3 ಬೈದು ವಾಪಸ್ ಕಳಿಸುತ್ತದೆ.

ವಿಂಡೋಸೋ ಲಿನಕ್ಸೋ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇದೆಯೇ? ಲೆಕ್ಕ ಟ್ಯಾಲಿಯಲ್ಲಿದೆಯೇ? ಹಾಗಾದರೆ ವಿಂಡೋಸ್, ಚರ್ಚೆ ಮುಗಿಯಿತು. ಪೇಜ್‌ಮೇಕರ್, ಕೋರಲ್‌ಡ್ರಾ, ನುಡಿ ಇವುಗಳ ಮೇಲೆ ಅಂಗಡಿ ನಡೆಯುತ್ತಿದ್ದರೂ ಅದೇ ಉತ್ತರ. ನಿಮ್ಮ ಲೆಕ್ಕಪರಿಶೋಧಕರು ಯಾವುದನ್ನು ತೆರೆಯುತ್ತಾರೋ ಅದೇ ನಿಮ್ಮ ಸಾಫ್ಟ್‌ವೇರ್.

ಮನೆಯ ಹಳೆಯ ಕಂಪ್ಯೂಟರಿಗೆ ಬೇರೆ ಮಾತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಾಕೋಣ ಅಂದರೆ ಟಿಪಿಎಂ 2.0 ಅನ್ನುವ ಭದ್ರತಾ ಸೌಲಭ್ಯ ಬೇಕು, ಹಳೆಯ ಯಂತ್ರಗಳಲ್ಲಿ ಅದು ಇರುವುದು ಕಡಿಮೆ. ಅಂಗಡಿಯವರು ಹೊಸ ಕಂಪ್ಯೂಟರ್ ತಗೊಳ್ಳಿ ಅಂತಲೇ ಹೇಳುತ್ತಾರೆ. ಅದಕ್ಕೆ ಮುಂಚೆ ಲಿನಕ್ಸ್ ಮಿಂಟ್ ಹಾಕಿ ನೋಡಿ. ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಬಹುದು, ಹಿಡಿಸಿದರೆ ಮಾತ್ರ ಇನ್‌ಸ್ಟಾಲ್ ಮಾಡಿ. ಬ್ರೌಸರ್, ಯೂಟ್ಯೂಬ್, ಪತ್ರ ಬರೆಯಲು ಲಿಬ್ರೆಆಫೀಸ್, ಇಷ್ಟೇ ಸಾಕು ಅನ್ನುವ ಮಾಸ್ತರರಿಗೆ ಅದು ಧಾರಾಳ. ಲಿಬ್ರೆಆಫೀಸಿನಲ್ಲಿ ಬರೆದದ್ದನ್ನು ಪತ್ರಿಕೆಗೆ ಕಳಿಸುವಾಗ ವರ್ಡ್ ರೂಪದಲ್ಲಿ ಉಳಿಸಿ ಕಳಿಸಿ, ಯುನಿಕೋಡಿನಲ್ಲಿದ್ದರೆ ಆ ಕಡೆ ಸರಿಯಾಗಿ ತೆರೆಯುತ್ತದೆ.

ಎಂಜಿನಿಯರಿಂಗ್ ಹುಡುಗರು ಎರಡನ್ನೂ ಇಟ್ಟುಕೊಳ್ಳಲಿ. ಮೈಕ್ರೋಸಾಫ್ಟಿನದೇ ಡಬ್ಲ್ಯೂಎಸ್‌ಎಲ್ ಅನ್ನುವ ಸೌಲಭ್ಯ ಬಂದ ಮೇಲೆ ವಿಂಡೋಸಿನ ಒಳಗೇ ಲಿನಕ್ಸ್ ಓಡುತ್ತದೆ, ಗೇಮಿಗೂ ಅಡ್ಡಿಯಿಲ್ಲ.

ಉಳಿದ ಸಣ್ಣಪುಟ್ಟ ಜಗಳಗಳು

ಕ್ರೋಮ್ ಮತ್ತು ಫೈರ್‌ಫಾಕ್ಸ್: ಎಡ್ಜ್, ಬ್ರೇವ್, ಒಪೇರಾ ಎಲ್ಲದರ ಹೊಟ್ಟೆಯೊಳಗೆ ಇರುವುದು ಕ್ರೋಮಿನದೇ ಎಂಜಿನ್ನು. ಕ್ರೋಮ್ ಬೇಡ ಅಂತ ಎಡ್ಜ್ ಹಿಡಿದವರು ಪಕ್ಷ ಬದಲಿಸಿದಂತೆ ಆಗುವುದಿಲ್ಲ. ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಪೂರ್ಣ ರೂಪದಲ್ಲಿ ಬೇಕು ಅನ್ನುವವರು ಫೈರ್‌ಫಾಕ್ಸಿಗೆ ಬನ್ನಿ, ಹೊಸ ಕ್ರೋಮಿನಲ್ಲಿ ಅದು ನಡೆಯುವುದಿಲ್ಲ. ಒಂದೊಂದು ಸರ್ಕಾರಿ ಜಾಲತಾಣ ಫೈರ್‌ಫಾಕ್ಸಿನಲ್ಲಿ ಹಟ ಮಾಡಿದರೆ ಅಷ್ಟಕ್ಕೆ ಮಾತ್ರ ಕ್ರೋಮ್ ಇರಲಿ.

ಕಪ್ಪು ಪರದೆಯೋ ಬಿಳಿಯೋ: ಬ್ಯಾಟರಿ ಉಳಿಯುತ್ತದೆ ಅಂತ ಲ್ಯಾಪ್‌ಟಾಪಿನಲ್ಲಿ ಕಪ್ಪು ಮಾಡಿಕೊಂಡವರೇ, ಒಎಲ್‌ಇಡಿ ಪರದೆಯಾದರೆ ಮಾತ್ರ ಉಳಿತಾಯ. ಸಾಮಾನ್ಯ ಎಲ್‌ಸಿಡಿಯಲ್ಲಿ ಹಿಂದಿನ ದೀಪ ಉರಿಯುತ್ತಲೇ ಇರುತ್ತದೆ. ಬೇಸಿಗೆಯ ಮಧ್ಯಾಹ್ನ ಕಿಟಕಿ ಪಕ್ಕ ಕೂತರೆ ಕಪ್ಪು ಪರದೆಯಲ್ಲಿ ನಿಮ್ಮ ಮುಖವೇ ಕಾಣುತ್ತದೆ. ಹಗಲು ಬಿಳಿ, ರಾತ್ರಿ ಕಪ್ಪು, ಯಂತ್ರಕ್ಕೇ ಬದಲಿಸಲು ಹೇಳಿಡಿ.

ಮೆಕ್ಯಾನಿಕಲ್ ಕೀಬೋರ್ಡೋ ಸಾದಾ ಕೀಬೋರ್ಡೋ: ಟೈಪಿಂಗೇ ಕೆಲಸ ಆದವರಿಗೆ ಮೆಕ್ಯಾನಿಕಲ್ ಸುಖ, ಕೀಲಿ ಕೆಟ್ಟರೆ ಅದೊಂದನ್ನೇ ಬದಲಿಸಲು ಬರುವ ಮಾದರಿಗಳೂ ಇವೆ. ಆದರೆ ಕೀಲಿಯ ಕೆಳಗಿನ ಸ್ವಿಚ್ಚುಗಳಲ್ಲಿ ನೀಲಿ ಬಣ್ಣದ್ದು ಟಕಟಕ ಸದ್ದು ಮಾಡುತ್ತದೆ, ಕಂದು ಮತ್ತು ಕೆಂಪು ಮೆತ್ತಗೆ. ವಿದ್ಯಾನಗರದ ಪಿಜಿಯಲ್ಲಿ ಇಬ್ಬರು ಒಂದೇ ಕೋಣೆಯಲ್ಲಿದ್ದರೆ ನೀಲಿ ತರುವ ಮುಂಚೆ ಪಕ್ಕದ ಮಂಚದವನನ್ನು ಒಂದು ಮಾತು ಕೇಳಿ. ಕನ್ನಡ ಅಕ್ಷರ ಅಚ್ಚಾದ ಕೀಲಿ ಬೇಕೆನ್ನುವವರು ಸ್ಟಿಕ್ಕರ್ ಹಾಳೆ ತಂದು ಅಂಟಿಸಬಹುದು. ತರುವಾಗ ಅದು ಇನ್‌ಸ್ಕ್ರಿಪ್ಟಿನದೋ ನುಡಿಯ ಜೋಡಣೆಯದೋ ಅಂತ ನೋಡಿ ತನ್ನಿ: ಜಿ ಕೀಲಿಯ ಮೇಲೆ ಗ ಇದ್ದರೆ ನುಡಿಯದು, ಐ ಮೇಲೆ ಇದ್ದರೆ ಇನ್‌ಸ್ಕ್ರಿಪ್ಟಿನದು.